ಶಿವನಿಯ ಹಸುವೂ ನನ್ನ ಬಲಗೈಯೂ

ದನದ ಡಾಕ್ಟರಿಗೆ ಕಣ್ಣು ಬೇಕಾಗುವುದು ಹೆಚ್ಚಾಗಿ ಊರಿನ ದಾರಿ ಹುಡುಕುವುದಕ್ಕೆ. ಉಳಿದದ್ದೆಲ್ಲ ಕೈಯ ಕೆಲಸ. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ತೋಳು ತೂರಿಸಿ, ಎದುರಿನ ಗೋಡೆ ನೋಡುತ್ತ ನಿಂತು, ಬೆರಳು ಹೇಳಿದ್ದನ್ನು ನಂಬುವ ಕಸುಬು ಇದು. ಅಜ್ಜಂಪುರದ ಸೀಮೆಯಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಡಾಕ್ಟ್ರಮ್ಮನ ಕೈಗುಣ ಚೆನ್ನಾಗಿದೆ ಎಂದು ಜನ ಹೇಳುತ್ತಿದ್ದರು. ಕೈಗುಣವನ್ನು ನಾನು ನಂಬುವವಳಲ್ಲ. ಆದರೆ ಹೊಗಳಿಕೆ ಯಾರಿಗೆ ಬೇಡ? ನಕ್ಕು ಸುಮ್ಮನಾಗುತ್ತಿದ್ದೆ.

ಆ ಕೈಯೇ ಕೈಕೊಡಲು ಶುರುಮಾಡಿತು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತಿದ್ದವು. ಮೊದಮೊದಲು ಬೆಳಿಗ್ಗೆ ಏಳುವಾಗ ಮಾತ್ರ. ಕೈ ಕೊಡವಿದರೆ ಸರಿಹೋಗುತ್ತಿತ್ತು. ಆಮೇಲೆ ಸೀರೆಗೆ ಸಿಕ್ಕಿಸುವ ಪಿನ್ನು ಕೈಯಿಂದ ಜಾರಿ ಬಿದ್ದರೆ, ಬಿದ್ದದ್ದು ನೆಲ ನೋಡಿದ ಮೇಲೆಯೇ ತಿಳಿಯುತ್ತಿತ್ತು. ತರೀಕೆರೆಯ ನಮ್ಮ ಮನೆಯಲ್ಲಿ ಕುಕ್ಕರಿನ ಮುಚ್ಚಳ ತೆಗೆಯುವಾಗ ಬಿಸಿ ತಾಗುವುದು ತಡವಾಗತೊಡಗಿತು. ಕಡೂರಿನಲ್ಲಿ ಡಾಕ್ಟರಿಗೆ ತೋರಿಸಿದೆ. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಇಷ್ಟು ವರ್ಷ ಆ ಕೈಯನ್ನು ದುಡಿಸಿಕೊಂಡ ರೀತಿಗೆ ಇದು ಆಗದಿದ್ದರೇ ಆಶ್ಚರ್ಯ ಎಂದರು. ಬೇಗ ಆಪರೇಷನ್ ಮಾಡಿಸಬೇಕು, ತಡ ಮಾಡಿದಷ್ಟೂ ಸ್ಪರ್ಶ ತಿರುಗಿ ಬರುವುದು ಕಷ್ಟ, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ ಎಂದೂ ಹೇಳಿದರು.

ನಾನು ಕೇಳಿಸಿಕೊಂಡದ್ದು ಆ ಕೊನೆಯ ಮಾತನ್ನು ಮಾತ್ರ. ಪೂರ್ತಿ ಬರದಿದ್ದರೆ? ಜಿಲ್ಲಾ ಕಚೇರಿಯಲ್ಲಿ ಒಂದು ಕುರ್ಚಿ ಕೊಟ್ಟು, ಲಸಿಕೆಯ ವರದಿ ಬರೆಯಲು ಕೂರಿಸುತ್ತಾರೆ. ದನದ ಬೆಚ್ಚಗಿನ ಮೈಯಿಂದ ದೂರ, ಫ್ಯಾನಿನ ಕೆಳಗೆ. ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನಾನು ಮಾಡುವುದು ಒಂದೇ, ಯಾರ ಮೇಲಾದರೂ ರೇಗುವುದು. ಡಾಕ್ಟರಿಗೆ ನರವೂ ಗೊತ್ತಿಲ್ಲ ಗಿರವೂ ಗೊತ್ತಿಲ್ಲ ಎಂದು ಬೈದುಕೊಂಡು ಬಸ್ಸು ಹತ್ತಿದೆ. ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು.

ಅಂಥ ದಿನಗಳಲ್ಲೇ ಆ ಎಂಜಿನಿಯರ್ ಹುಡುಗಿ ಬಂದಳು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವಳು. ರೋಬೋಟಿನ ಕೈಗೆ ಸ್ಪರ್ಶ ಕಲಿಸುವುದು ಅವಳ ಕೆಲಸ. ತೆಳ್ಳನೆಯ ಒಂದು ಜೊತೆ ಗ್ಲೌಸ್ ತಂದಿದ್ದಳು. ಅದರ ಬೆರಳುಗಳ ತುದಿಯಲ್ಲಿ, ಅಂಗೈಯಲ್ಲಿ ಸಾಸಿವೆಯಷ್ಟು ಸೆನ್ಸರುಗಳು. ನಾನು ಅದನ್ನು ತೊಟ್ಟು, ಮೇಲೊಂದು ಉದ್ದನೆಯ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು ಹಸುವಿನೊಳಗೆ ಕೈ ಹಾಕಬೇಕು. ಯಾವ ಬೆರಳಿಗೆ ಏನಾದರೂ ತಾಗಿದರೆ ಅವಳ ಟ್ಯಾಬ್ಲೆಟ್ಟಿನಲ್ಲಿ ಆ ಬೆರಳು ಕೆಂಪಾಗುತ್ತದೆ. ತಾಗಿದ್ದು ಏನು ಎಂದು ನಾನು ಬಾಯಲ್ಲಿ ಹೇಳಬೇಕು. ಹಾಗೆ ನೂರಾರು ಸಲ ಹೇಳಿದ್ದನ್ನು ಕೂಡಿಸಿಟ್ಟರೆ, ಮುಂದೊಂದು ದಿನ ವಿದ್ಯಾರ್ಥಿಗಳಿಗೆ ಯಂತ್ರವೇ ಕಲಿಸಬಹುದು ಎಂಬುದು ಅವಳ ಲೆಕ್ಕ.

"ರೋಬೋಟಿಗೆ ಕಣ್ಣು ಕೊಡೋದು ಈಗ ಕಷ್ಟ ಅಲ್ಲ ಮೇಡಂ. ಟೊಮೇಟೊ ಅಂತ ಗುರುತು ಹಿಡಿಯತ್ತೆ. ಆದ್ರೆ ಎತ್ಕೊಳ್ಳೋಕೆ ಹೋದ್ರೆ ಹಿಚುಕಿಬಿಡತ್ತೆ, ಇಲ್ಲಾ ಜಾರಿಸಿಬಿಡತ್ತೆ," ಎಂದಳು.

"ನಮ್ಮನೇಲೂ ಒಬ್ಬರು ಹಂಗೇ ಇದ್ದಾರೆ. ಅವ್ರಿಗೂ ಕಲಿಸ್ತೀಯೇನು?" ಎಂದೆ. ನನ್ನ ಗಂಡನ ಕೈಗೆ ಸಿಕ್ಕ ಗಾಜಿನ ಲೋಟ ಉಳಿದದ್ದಿಲ್ಲ. ಹುಡುಗಿ ನಕ್ಕಳು. ನನಗೆ ಅವಳು ಇಷ್ಟವಾದಳು. ಹಾಗಿದ್ದೂ ಬೆರಳಿನ ಸಂಗತಿ ಅವಳಿಗೆ ಹೇಳಲಿಲ್ಲ. ಬಸಿರು ನೋಡುವುದಕ್ಕೆ ನಾನು ಮೊದಲಿಂದಲೂ ಎಡಗೈ ಹಾಕುವವಳು. ಮೊದಲ ಒಂದಷ್ಟು ದಿನ ಎಡಗೈಯ ಗ್ಲೌಸೇ ಕೆಲಸ ಮಾಡಿದ್ದರಿಂದ ತೊಂದರೆ ಆಗಲಿಲ್ಲ. ಅದು ಮುಗಿದ ಮೇಲೆ ಬಲಗೈಯದನ್ನು ತೊಡಿಸಿದಳು. ಹೆರಿಗೆಗೆ ಬಲಗೈ ತಾನೇ ಹಾಕುವುದು, ಅದರ ಸ್ಪರ್ಶವೂ ಬೇಕು ಎಂದಳು.

ಅಂದು ಶಿವನಿಯ ಹತ್ತಿರದ ಒಂದು ಹಳ್ಳಿಯಲ್ಲಿ ದನಗಳ ತಪಾಸಣೆಯ ಕ್ಯಾಂಪು. ಮಧ್ಯಾಹ್ನದ ಹೊತ್ತಿಗೆ ಶಿವನಿ ರೈಲ್ವೆ ಸ್ಟೇಷನ್ನಿನ ಬಳಿ ಚಹಾದ ಹೋಟೆಲು ನಡೆಸುವ ಹೆಂಗಸಿನ ಫೋನು ಬಂತು. ಪರಿಚಯದವಳು, ನನ್ನದೇ ವಯಸ್ಸಿನವಳು. ಬೆಳಿಗ್ಗೆಯಿಂದ ಹಸು ನೋವು ತಿನ್ನುತ್ತಿದೆ, ನೀರಿನ ಚೀಲ ಒಡೆದು ಬಹಳ ಹೊತ್ತಾಯಿತು, ಒಂದು ಕಾಲು ಮಾತ್ರ ಹೊರಗೆ ಬಂದು ನಿಂತುಬಿಟ್ಟಿದೆ ಎಂದಳು.

"ಹೋದ್ಸಲ ಕರು ಸತ್ತೇ ಹುಟ್ತು ಡಾಕ್ಟ್ರಮ್ಮ. ಈ ಸಲ ನೀವೇ ಬರ್ಬೇಕು. ಬ್ಯಾರೇರ ಕೈ ನಾನ್ ಹಾಕ್ಸಕಿಲ್ಲ."

ಗ್ಲೌಸ್ ಬಿಚ್ಚುವಷ್ಟು ವ್ಯವಧಾನವೂ ಇರಲಿಲ್ಲ. ಹಾಗೆಯೇ ಜೀಪು ಹತ್ತಿದೆ, ಹಿಂದೆಯೇ ಹುಡುಗಿಯೂ ಟ್ಯಾಬ್ಲೆಟ್ ಎದೆಗವಚಿಕೊಂಡು ಹತ್ತಿದಳು. ಅವಸರದಲ್ಲಿ ಸ್ಟೆತಾಸ್ಕೋಪು ಕ್ಯಾಂಪಿನ ಮೇಜಿನ ಮೇಲೆಯೇ ಉಳಿಯಿತು. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಹೋಟೆಲಿನ ಹಿಂದೆ ತಗಡಿನ ಚಪ್ಪರ, ಅದರಡಿ ಹಸು. ಎಮ್ಮೆದೊಡ್ಡಿಯ ಹುಲ್ಲುಗಾವಲಿನ ಕಡೆಯಿಂದ ತಂದ ಅಮೃತಮಹಲ್ ತಳಿಯ ಹಸು. ಹಾಲು ಕಡಿಮೆ, ಕೋಪ ಜಾಸ್ತಿ. ಹೋಟೆಲಿಗೆ ಪ್ಯಾಕೆಟ್ ಹಾಲೇ. ಈ ಹಸುವನ್ನು ಆಕೆ ಸಾಕಿಕೊಂಡದ್ದು ಬರೀ ಪ್ರೀತಿಗೆ. ಮಕ್ಕಳಿಲ್ಲದ ಮನೆ. ಆಕೆಯ ಗಂಡ ಮಾತಾಡದ ಮನುಷ್ಯ, ಹಸುವಿನ ಕೊಂಬು ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಹಸುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಬೆನ್ನಿನ ಮೇಲೆ ಬೆವರು. ಇನ್ನು ಹೆಚ್ಚು ಹೊತ್ತು ಇದು ತಡೆಯುವುದಿಲ್ಲ ಎಂದು ನೋಡಿದ ಕೂಡಲೇ ತಿಳಿಯಿತು.

ಹಸುವಿನ ಹಿಂಭಾಗ ಸೋಪು ಹಾಕಿ ತೊಳೆದು, ಸೆನ್ಸರಿನ ಗ್ಲೌಸಿನ ಮೇಲೆ ಹೊಸ ಪ್ಲಾಸ್ಟಿಕ್ ಗ್ಲೌಸ್ ಏರಿಸಿ, ಎಣ್ಣೆ ಸವರಿ, ಬಲಗೈ ಒಳಗೆ ಬಿಟ್ಟೆ. ಹೊರಗೆ ಕಂಡ ಕಾಲು ಕರುವಿನ ಮುಂಗಾಲು. ಒಳಗೆ ತಲೆ ಸಿಕ್ಕಿತು. ಹಾಗಿದ್ದರೆ ಇನ್ನೊಂದು ಮುಂಗಾಲು ಮಡಚಿಕೊಂಡು ಹಿಂದೆ ಉಳಿದಿರಬೇಕು. ಹುಡುಕಿದೆ. ಒಂದು ಗೊರಸು ಸಿಕ್ಕಿತು. ಇಲ್ಲಿ ಒಂದು ಸಂಗತಿ ಹೇಳಬೇಕು. ಗೊರಸಿನ ಮೇಲಿನ ಮೊದಲ ಕೀಲು, ಅದರ ಮೇಲಿನ ಎರಡನೆಯ ಕೀಲು, ಇವೆರಡೂ ಒಂದೇ ಕಡೆಗೆ ಮಡಚಿದರೆ ಅದು ಮುಂಗಾಲು. ಒಂದು ಅತ್ತ, ಒಂದು ಇತ್ತ ಮಡಚಿದರೆ ಹಿಂಗಾಲು. ಕಾಲೇಜಿನಲ್ಲಿ ಮೊದಲ ವಾರ ಕಲಿಯುವ ಪಾಠ. ಕತ್ತಲಲ್ಲಿ ಇರುವ ಗುರುತು ಅದೊಂದೇ.

"ಮಂಡಿ ಸಿಕ್ತು. ಮುಂಗಾಲೇ," ಎಂದೆ.

ಹುಡುಗಿ ಹಿಂದಿನಿಂದ ಮೆಲ್ಲಗೆ, "ಮೇಡಂ, ನಿಮ್ಮ ಮೂರು ಬೆರಳಿಗೆ ಏನೂ ತಾಗ್ತಿಲ್ಲ," ಎಂದಳು.

"ತಾಗಿದೆ. ಹಿಡ್ಕೊಂಡಿದ್ದೀನಿ."

"ಉಂಗುರಬೆರಳು, ಕಿರುಬೆರಳು ಮಾತ್ರ ಕೆಂಪಿದೆ. ಮಿಕ್ಕ ಮೂರೂ ಖಾಲಿ."

"ನಿನ್ನ ಮಷೀನು ಕೆಟ್ಟಿದೆ. ಸುಮ್ನಿರು."

ಕಾಲಿಗೆ ಹಗ್ಗದ ಕುಣಿಕೆ ಹಾಕಿದೆ. ಹೊರಗಿನ ಕಾಲಿಗೆ ಒಂದು, ಒಳಗಿನದಕ್ಕೆ ಒಂದು. ಹೋಟೆಲಿನಾಕೆಗೂ ಹುಡುಗಿಗೂ ಹಗ್ಗ ಕೊಟ್ಟು, ಹಸು ತಿಣುಕಿದಾಗ ಎಳೆಯಿರಿ ಎಂದೆ. ಎಳೆದರು. ಹಸು ಅರಚಿದ ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅದು ಹೆರುವ ಹಸುವಿನ ದನಿಯಲ್ಲ. ಕರು ಒಂದು ಅಂಗುಲವೂ ಕದಲಲಿಲ್ಲ. ಹಸು ಮಂಡಿಯೂರಿ ಕುಸಿಯಿತು, ಗಂಡ ಅದರ ಜೊತೆಯಲ್ಲೇ ಕುಸಿದ.

"ಇನ್ನೊಂದ್ಸಲ," ಎಂದೆ. ಹಟ ನನಗೆ ಹುಟ್ಟುಗುಣ.

ಹುಡುಗಿ ಹಗ್ಗ ಬಿಟ್ಟು ಟ್ಯಾಬ್ಲೆಟ್ ಎತ್ತಿಕೊಂಡಳು. "ಇಲ್ಲ ಮೇಡಂ. ಮೊದ್ಲು ಒಂದೇ ಒಂದು ಮಾಡಿ. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಒತ್ತಿ. ಅಲ್ಲೇ, ಒಳಗೇ."

ಸಿಟ್ಟಿನಲ್ಲಿ ಒತ್ತಿದೆ.

"ಎರಡೂ ಕೆಂಪಾಯ್ತು," ಎಂದಳು. ಟ್ಯಾಬ್ಲೆಟ್ಟನ್ನು ನನ್ನತ್ತ ತಿರುಗಿಸಿದಳು. "ಮಷೀನ್ ಸರಿಯಿದೆ."

ಆ ಎರಡು ಬೆರಳು ಒತ್ತಿದ್ದು ನನಗೆ ತಿಳಿದಿರಲಿಲ್ಲ. ಒತ್ತಿ ಎಂದು ನಾನು ಬೆರಳುಗಳಿಗೆ ಹೇಳಿದ್ದೆ, ಆದ್ದರಿಂದ ಒತ್ತಿರುತ್ತವೆ ಎಂದುಕೊಂಡಿದ್ದೆ, ಅಷ್ಟೇ. ಮಂಡಿಯೂ ಹಾಗೆಯೇ. ಬೆರಳು ಮಂಡಿಯನ್ನು ಮುಟ್ಟಿರಲಿಲ್ಲ. ಇಷ್ಟು ವರ್ಷ ಮುಟ್ಟಿದ ಮಂಡಿಗಳ ನೆನಪು ಅಲ್ಲಿ ಒಂದು ಮಂಡಿಯನ್ನು ತಂದಿಟ್ಟಿತ್ತು. ಬೆರಳು ಮರಗಟ್ಟಿದರೆ ಕತ್ತಲಾಗುತ್ತದೆ, ಏನೂ ತಿಳಿಯದೆ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅಭ್ಯಾಸ ಸುಮ್ಮನೆ ಕೂರುವುದಿಲ್ಲ, ಖಾಲಿ ಜಾಗದಲ್ಲಿ ತನಗೆ ಬೇಕಾದ್ದನ್ನು ತುಂಬುತ್ತದೆ. ಆ ಹುಡುಗಿಯ ಗ್ಲೌಸಿಗೆ ಕರು ಯಾವುದು ಕಲ್ಲು ಯಾವುದು ಎಂಬುದೂ ಗೊತ್ತಿಲ್ಲ. ಆದರೆ ಮುಟ್ಟದೇ ಇದ್ದದ್ದನ್ನು ಮುಟ್ಟಿದೆ ಎಂದು ಅದು ಹೇಳುವುದಿಲ್ಲ.

ಬಲಗೈ ಹೊರಗೆಳೆದೆ. ಗ್ಲೌಸ್ ಕಿತ್ತು ಹುಡುಗಿಯ ಕೈಗೆ ಕೊಟ್ಟು, ಎಡಗೈಗೆ ಎಣ್ಣೆ ಸವರತೊಡಗಿದೆ. ಹೋಟೆಲಿನಾಕೆ ಎದ್ದು ಅಡ್ಡ ಬಂದಳು.

"ಎಡಗೈಯಾ? ಬ್ಯಾಡ ಡಾಕ್ಟ್ರಮ್ಮ. ಹುಟ್ಟೋ ಕರೂಗೆ ಎಡಗೈ ತಾಕಿಸ್ಬ್ಯಾಡಿ. ನಮ್ಮನೇಲಿ ಯಾವತ್ತೂ ಹಂಗ್ ಮಾಡಿಲ್ಲ. ನಿಮ್ ಬಲಗೈ ಕೈಗುಣ ನಂಬ್ಕೊಂಡೇ ಕಣ್ರೀ ನಾನ್ ಕೂಗ್ಸಿದ್ದು."

"ಬಸಿರು ನೋಡಿದ್ದು ಎಡಗೈಲೇ ಅಲ್ವೇನಮ್ಮಾ?"

"ಅದ್ ಬ್ಯಾರೆ, ಇದ್ ಬ್ಯಾರೆ. ಹೋದ್ಸಲ ಕರು ಹೋದಾಗ್ಲೂ ಬಂದಿದ್ ಡಾಕ್ಟ್ರು ಎಡಗೈ ಹಾಕಿದ್ರು. ಇದ್ಕೇನಾರ ಆದ್ರೆ ನಾನ್ ನಿಮ್ಮುನ್ನ ಸುಮ್ನೆ ಬಿಡಕಿಲ್ಲ."

ಹೇಳಬಹುದಾಗಿತ್ತು, ಈ ಬಲಗೈಯಲ್ಲಿ ಈಗ ಏನೂ ಇಲ್ಲ ತಾಯಿ ಎಂದು. ಬಾಯಿ ಬರಲಿಲ್ಲ. "ಅಡ್ಡ ನಿಂತ್ರೆ ಹಸೂನೂ ಹೋಗತ್ತೆ, ಆಚೆ ಸರೀರಿ!" ಎಂದು ಗದರಿದೆ. ಆಕೆ ಸರಿಯಲಿಲ್ಲ. ಕೊಂಬು ಹಿಡಿದಿದ್ದ ಗಂಡ ಆಗ ಮೊದಲ ಸಲ ಬಾಯಿ ತೆರೆದ.

"ಬಿಡೇ. ಹಸ ಸಾಯ್ತೈತೆ," ಎಂದ.

ಆಕೆ ಸರಿದಳು. ಎಡಗೈ ಒಳಗೆ ಹೋಯಿತು. ಕುಣಿಕೆ ಹಾಕಿದ್ದ ಕಾಲನ್ನು ಹಿಡಿದು, ಕೀಲಿನಿಂದ ಕೀಲಿಗೆ ಹತ್ತಿದೆ. ಮೊದಲನೆಯದು ಒಂದು ಕಡೆಗೆ. ಎರಡನೆಯದು ಎದುರು ಕಡೆಗೆ. ಹಿಂಗಾಲು! ತಲೆಯ ಪಕ್ಕದಲ್ಲಿ ಹಿಂಗಾಲು ಹೇಗೆ ಬಂತು? ಮತ್ತೂ ಒಳಗೆ ಹೋದೆ. ಆ ಕಾಲಿನ ತೊಡೆ, ತೊಡೆಯ ಮೇಲೆ ಒಂದು ಬಾಲ. ಎರಡು ಕರು. ಒಂದು ತಲೆ ಮುಂದಾಗಿ, ಇನ್ನೊಂದು ಬಾಲ ಮುಂದಾಗಿ, ಒಂದೇ ಬಾಗಿಲಿಗೆ ಒಟ್ಟಿಗೆ ಬಂದಿದ್ದವು. ಒಂದರ ಮುಂಗಾಲು, ಇನ್ನೊಂದರ ಹಿಂಗಾಲು ಕಟ್ಟಿ ನಾವು ಎಳೆದಿದ್ದೆವು. ಇನ್ನೊಮ್ಮೆ ಎಳೆದಿದ್ದರೆ ಹಸುವಿನ ಒಡಲು ಹರಿಯುತ್ತಿತ್ತು.

"ಅವಳಿ," ಎಂದೆ.

ಹಗ್ಗ ಬಿಚ್ಚಿ, ತಲೆ ಮುಂದಾಗಿದ್ದ ಕರುವನ್ನು ಹಿಂದಕ್ಕೆ ದೂಡಿದೆ. ನೋವು ಬಂದಾಗ ಹಸು ತಿಣುಕುತ್ತದೆ, ದೂಡಿದ್ದೆಲ್ಲ ತಿರುಗಿ ಬರುತ್ತದೆ. ನೋವು ಇಳಿದಾಗ ಮತ್ತೆ ದೂಡಬೇಕು. ಬಾಲ ಮುಂದಾದ ಕರುವಿನ ಎರಡನೆಯ ಹಿಂಗಾಲು ಹುಡುಕಿ, ಎರಡಕ್ಕೂ ಕುಣಿಕೆ ಹಾಕಿದೆ. ಹಿಂದುಮುಂದಾಗಿ ಬರುವ ಕರುವನ್ನು ಒಮ್ಮೆ ಎಳೆಯತೊಡಗಿದರೆ ನಿಲ್ಲಿಸುವಂತಿಲ್ಲ. ಹೊಕ್ಕುಳಬಳ್ಳಿ ಸಿಕ್ಕಿಕೊಂಡು ಒಳಗೇ ಉಸಿರಿಗೆ ಬಾಯಿ ತೆರೆದುಬಿಡುತ್ತದೆ. "ಎಳೀರಿ, ನಿಲ್ಲಿಸ್ಬೇಡಿ" ಎಂದು ಕೂಗಿದೆ. ಇಬ್ಬರೂ ಜೋತುಬಿದ್ದು ಎಳೆದರು. ಕರು ಜಾರಿ ನೆಲಕ್ಕೆ ಬಿತ್ತು, ಸೀನಿತು, ತಲೆ ಕೊಡವಿತು. ಹುಡುಗಿ ಗೋಣಿಚೀಲದಿಂದ ಅದರ ಮೈ ತಿಕ್ಕತೊಡಗಿದಳು. ಅವಳಿಗೆ ಯಾರೂ ಹೇಳಿರಲಿಲ್ಲ.

ಎರಡನೆಯದು ಸುಲಭವಾಗಿ ಬರಬೇಕಿತ್ತು. ಬರಲಿಲ್ಲ. ಅದರ ಒಂದು ಕಾಲು ಹಿಂದಕ್ಕೆ ಸಿಕ್ಕಿಕೊಂಡಿತ್ತು. ಎಡಗೈಯಲ್ಲಿ ಗೊರಸನ್ನು ಮುಚ್ಚಿ ಹಿಡಿದು ಬಿಡಿಸುವಾಗ ಹಸುವಿಗೆ ದೊಡ್ಡದೊಂದು ನೋವು ಬಂತು. ಹಸುವಿನ ಎಲುಬಿಗೂ ಕರುವಿನ ತಲೆಗೂ ನಡುವೆ ನನ್ನ ಮುಂಗೈ ಸಿಕ್ಕಿತು. ನಾನು ಕಿರುಚಿದೆನಂತೆ, ಹುಡುಗಿ ಆಮೇಲೆ ಹೇಳಿದಳು. ಕೈ ತೆಗೆಯುವಂತಿರಲಿಲ್ಲ. ತೆಗೆದರೆ ಗೊರಸು ಮತ್ತೆ ಹಿಂದಕ್ಕೆ. ನೋವು ಇಳಿಯುವವರೆಗೆ ಹಲ್ಲು ಕಚ್ಚಿ ನಿಂತೆ, ಕಾಲು ಬಿಡಿಸಿದೆ, ಎಳೆದೆವು. ಕರು ಬಂತು.

ಬಂದದ್ದು ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತು. ಸೀನಲಿಲ್ಲ. ಪಕ್ಕೆ ಏಳಲಿಲ್ಲ. ನಾಲಿಗೆ ಹೊರಗೆ, ಬಣ್ಣ ನೀಲಿ. ಮೂಗು, ಬಾಯಿ ಒರೆಸಿದೆ. ಉಸಿರಿಲ್ಲದಿದ್ದರೂ ಎದೆ ಬಡಿಯುತ್ತಿದ್ದರೆ ಉಳಿಸಬಹುದು. ಎದೆಯೂ ನಿಂತಿದ್ದರೆ ಹಸುವಿನ ಕಡೆ ನೋಡಬೇಕು, ಅದರ ಸ್ಥಿತಿಯೂ ಕೆಟ್ಟಿತ್ತು. ಸ್ಟೆತಾಸ್ಕೋಪಿಗೆ ಚೀಲದಲ್ಲಿ ಕೈಯಾಡಿಸಿದೆ. ಇರಲಿಲ್ಲ. ಮುಂಗಾಲಿನ ಹಿಂದೆ, ಎದೆಗೂಡಿನ ಮೇಲೆ ಬಲಗೈಯ ಬೆರಳಿಟ್ಟೆ.

ಏನೂ ಇಲ್ಲ.

ಎಡಗೈಯ ಬೆರಳಿಟ್ಟೆ. ಅದು ಎಲುಬಿನ ನಡುವೆ ಸಿಕ್ಕಿ ಜೋಮು ಹಿಡಿದಿತ್ತು. ಕರುವಿನ ಕೂದಲು ಒದ್ದೆಯೋ ಒಣಗಿದೆಯೋ ಎಂಬುದೂ ತಿಳಿಯುತ್ತಿರಲಿಲ್ಲ. ಮತ್ತೆ ಬಲಗೈ. ಹಗ್ಗ ಎಳೆದು ಉರಿಯುತ್ತಿದ್ದ ಉಂಗುರಬೆರಳು, ಕಿರುಬೆರಳಿನಲ್ಲೂ ಏನೂ ಇಲ್ಲ. ಹೋಯ್ತು ಎನ್ನಲು ಬಾಯಿ ತೆರೆದೆ. ಆ ಮಾತನ್ನು ಎಷ್ಟೋ ಕೊಟ್ಟಿಗೆಗಳಲ್ಲಿ ಹೇಳಿದ್ದೇನೆ, ಡಾಕ್ಟ್ರಮ್ಮ ಹೋಯ್ತು ಎಂದರೆ ಹೋದಂತೆಯೇ, ಯಾರೂ ಮತ್ತೆ ನೋಡುವುದಿಲ್ಲ. ಆದರೆ ಸತ್ತಿರುವುದು ಕರುವೋ ನನ್ನ ಬೆರಳೋ? ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ನನ್ನ ಬಳಿ ಮೂರನೆಯ ಕೈ ಇರಲಿಲ್ಲ.

ಹೋಟೆಲಿನಾಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲಿ ಕೈ ಇಡಿ," ಎಂದೆ.

"ನಾನಾ?"

"ನೀವೇ. ಬೇಗ. ಇಲ್ಲಿ. ಒತ್ತಬೇಡಿ, ಸುಮ್ನೆ ಇಡಿ."

ಟೀ ಸೋಸಿ ಸೋಸಿ ದಪ್ಪಗಾದ ಕೈ. ಆಕೆ ಇಟ್ಟಳು. ಕಣ್ಣು ಮುಚ್ಚಿದಳು. ರೈಲಿನ ಕೂಗು ಕೇಳಿತು, ಗಾಡಿ ನಿಂತಿತು, ಹೋಟೆಲಿನ ಮುಂದೆ ಯಾರೋ ಚಹಾ ಎಂದು ಕೂಗಿದರು. ಆಕೆ ಕಣ್ಣು ಬಿಡಲಿಲ್ಲ. ನನಗೆ ಆಕೆಯ ಕೈಯನ್ನು ಕಿತ್ತು ನನ್ನ ತೋಳಿಗೆ ಸಿಕ್ಕಿಸಿಕೊಳ್ಳಬೇಕು ಎನ್ನಿಸಿತು.

"ಐತೆ," ಎಂದಳು. "ಹೊಡ್ಕಂತೈತೆ. ಸಣ್ಣಕ್ಕೆ. ಐತೆ ಕಣ್ರೀ, ಐತೆ!"

ಹಿಂಗಾಲು ಹಿಡಿದು ಕರುವನ್ನು ತಲೆಕೆಳಗು ಮಾಡಿದೆವು, ಮೂಗಿನಿಂದ ನೀರು ಇಳಿಯಿತು. ಹುಲ್ಲುಕಡ್ಡಿ ಮೂಗಿನೊಳಗೆ ಆಡಿಸಿದೆ. ಕಿವಿಗೆ ತಣ್ಣೀರು ಹುಯ್ಯಿಸಿದೆ. ಹುಡುಗಿ ಪಕ್ಕೆ ತಿಕ್ಕಿದಳು, ಗಂಡ ಕೊಂಬು ಬಿಟ್ಟು ಬಂದು ತಿಕ್ಕಿದ. ಆಕೆ ಮಾತ್ರ ಎದೆಯ ಮೇಲಿನ ಕೈ ತೆಗೆಯಲಿಲ್ಲ. "ಐತೆ, ಐತೆ" ಎನ್ನುತ್ತಲೇ ಇದ್ದಳು. ಆ ಮಾತು ನಿಂತರೆ ಕರುವೂ ನಿಲ್ಲುತ್ತದೆ ಎಂದು ನನಗೂ ಅನ್ನಿಸಿಬಿಟ್ಟಿತ್ತು. ಕರು ಒಮ್ಮೆ ಬಿಕ್ಕಿತು. ಸುಮ್ಮನಾಯಿತು. ಮತ್ತೆ ಬಿಕ್ಕಿತು. ಆಮೇಲೆ ಕೆಮ್ಮಿ, ಪಕ್ಕೆ ತುಂಬ ಉಸಿರೆಳೆದುಕೊಂಡಿತು.

ಹಸುವಿಗೆ ಇಂಜೆಕ್ಷನ್ನು, ಗ್ಲೂಕೋಸು ಎಲ್ಲ ಆಗಿ, ಅದು ಎದ್ದು ನಿಂತು ಎರಡನ್ನೂ ನೆಕ್ಕತೊಡಗಿದ ಮೇಲೆ ನಾನು ಕಲ್ಲಿನ ಮೇಲೆ ಕುಳಿತೆ. ಹುಡುಗಿ ಒಂದು ಮೂಲೆಯಲ್ಲಿ ಟ್ಯಾಬ್ಲೆಟ್ಟನ್ನು ಬಚ್ಚಿಟ್ಟುಕೊಂಡವಳ ಹಾಗೆ ನಿಂತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಹೋಟೆಲಿನಾಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕುಳಿತಳು.

"ಅಷ್ಟ್ ಚೆನ್ನಾಗ್ ಹೊಡ್ಕಂತಿತ್ತಲ್ಲ ಡಾಕ್ಟ್ರಮ್ಮ. ನಿಮ್ಗೆ ಗೊತ್ತಾಗ್ನಿಲ್ವಾ?"

ರೇಗಬೇಕೆಂದುಕೊಂಡೆ. ರೇಗಲು ಯಾರೂ ಸಿಗಲಿಲ್ಲ.

"ಇಲ್ಲ," ಎಂದೆ.

ಆಕೆ ನನ್ನ ಬಲಗೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ಕಣ್ ಮುಚ್ಕಳಿ," ಎಂದಳು. ಸಣ್ಣ ಮಕ್ಕಳ ಆಟದ ಹಾಗೆ ಮುಚ್ಚಿಕೊಂಡೆ.

"ಇದು ಗೊತ್ತಾಯ್ತಾ?"

"ಹೂಂ. ಕಿರುಬೆರಳು."

"ಇದು?"

"ಉಂಗುರಬೆರಳು."

"ಇದು?"

ಕಾದೆ. "ಇನ್ನೂ ಮುಟ್ಟಿಲ್ಲ ನೀವು," ಎಂದೆ.

ನಾನು ಇನ್ನಷ್ಟು ಕಾದೆ. ಮುಟ್ಟಲಿ ಎಂದು, ಮುಟ್ಟಿದರೆ ಸಾಕು ಎಂದು ಕಾದೆ. ಆಮೇಲೆ ಕಣ್ಣು ಬಿಟ್ಟು ನೋಡಿದೆ. ನಡುಬೆರಳಿನ ತುದಿಯಲ್ಲಿ ಆಕೆಯ ಉಗುರು ಊರಿಕೊಂಡಿತ್ತು, ಚರ್ಮ ಬೆಳ್ಳಗಾಗಿ ಅಂಚಿನಲ್ಲಿ ರಕ್ತ ಜಿನುಗಿತ್ತು. ಅಷ್ಟು ಬಲವಾಗಿ ಚಿವುಟುತ್ತ, ನನ್ನ ಮುಖವನ್ನೇ ನೋಡುತ್ತ, ಆಕೆ ಸದ್ದಿಲ್ಲದೆ ಅಳುತ್ತಿದ್ದಳು.

"ನಾಳೆ ಕಡೂರಿಗೆ ಹೋಗ್ತೀನಿ," ಎಂದೆ. "ಆಪರೇಷನ್ನಿಗೆ."